ಮಾಯಾ ಗಡಿಗೆಗಳ ಡಾಕ್ಟರು

ಮ್ಯೂಸಿಯಮ್ಮಿನ ಮುಂಬಾಗಿಲಿನ ಮೆಟ್ಟಿಲುಗಳು ಇಷ್ಟು ಅಗಲವಾಗಿವೆ ಎನ್ನುವುದು ಮುರಿಗೆಪ್ಪನಿಗೆ ಆ ಶನಿವಾರದವರೆಗೆ ಗೊತ್ತೇ ಇರಲಿಲ್ಲ. ಹನ್ನೊಂದು ವರ್ಷಗಳಿಂದ ಅವನು ಹಿಂದಿನ ಓಣಿಯ ಸಿಬ್ಬಂದಿ ಬಾಗಿಲಿನಿಂದ ಒಳಗೆ ಹೋಗಿ, ನೆಲಮಾಳಿಗೆಯಲ್ಲಿ ಕೋಟು ಬದಲಿಸಿ, ರೇಡಿಯೋ ಸೊಂಟಕ್ಕೆ ಸಿಕ್ಕಿಸಿಕೊಂಡು, ಸರಕಿನ ಲಿಫ್ಟಿನಲ್ಲಿ ಮೇಲೆ ಬಂದು ಪ್ರಾಚೀನ ಮಾಯಾ ಜನಾಂಗದ ಗಡಿಗೆಗಳಿರುವ ಕೋಣೆಯ ಮೂಲೆಯ ಕುರ್ಚಿಯಲ್ಲಿ ಕೂರುತ್ತಿದ್ದವನು. ಇವತ್ತು ಸೂಟು ತೊಟ್ಟು, ಟೈ ಬಿಗಿದು, ಪ್ರವಾಸಿಗರ ನಡುವೆ ಮೆಟ್ಟಿಲ ಮೇಲೆ ನಿಂತಿದ್ದಾನೆ. ಸೂಟು ಹೆಂಡತಿಯ ತಮ್ಮನ ಮದುವೆಗೆ ಹೊಲಿಸಿದ್ದು. ಪ್ಯಾಂಟಿನ ಗುಂಡಿ ಹೊಟ್ಟೆಯ ಮಾತು ಕೇಳದೆ ಕೊನೆಗೆ ಪಿನ್ನು ಹಾಕಬೇಕಾಗಿ ಬಂದಿತ್ತು. ದೀರ್ಘವಾಗಿ ಉಸಿರೆಳೆದರೆ ಪಿನ್ನು ಚುಚ್ಚುತ್ತದೆ. ಆದ್ದರಿಂದ ಸಂಶೋಧಕರು ಹೇಗೆ ಉಸಿರಾಡುತ್ತಾರೋ ಹಾಗೆ, ಮೇಲುಮೇಲಕ್ಕೆ, ಮಿತವಾಗಿ ಉಸಿರಾಡುತ್ತ ಅವನು ಹ್ಯಾರೋದಿಂದ ಬರಬೇಕಾದ ಕನ್ನಡ ಸಂಘದವರಿಗಾಗಿ ಕಾಯುತ್ತಿದ್ದ. ಪಕ್ಕದಲ್ಲಿ ಮಗಳು ಅಂಕಿತಾ ಕಿವಿಗೆ ವೈರು ಸಿಕ್ಕಿಸಿಕೊಂಡು, ಈ ಮನುಷ್ಯ ತನಗೆ ಸಂಬಂಧಪಟ್ಟವನಲ್ಲ ಎನ್ನುವಷ್ಟು ದೂರದಲ್ಲಿ ನಿಂತಿದ್ದಳು.

ಇದೆಲ್ಲ ಶುರುವಾದದ್ದು ಹ್ಯಾರೋದ ಶಾಲೆಯೊಂದರ ಹಾಲಿನಲ್ಲಿ, ಬಸವ ಜಯಂತಿಯ ದಿನ. ಸಂಘದ ಅಧ್ಯಕ್ಷ ಸತ್ಯನಾರಾಯಣ, ಉಡುಪಿ ಕಡೆಯವರು, ಅಕೌಂಟೆಂಟು, ಮೈಕು ಸಿಕ್ಕರೆ ಕೆಳಗಿಡದವರು, ಹಿಂದಿನ ಸಾಲಿನಲ್ಲಿ ಕೋಸಂಬರಿ ತಿನ್ನುತ್ತಿದ್ದ ಮುರಿಗೆಪ್ಪನನ್ನು ತೋರಿಸಿ, 'ನಮ್ಮ ನಡುವೆ ಮ್ಯೂಸಿಯಮ್ಮಿನ ದೊಡ್ಡ ಸಂಶೋಧಕರೊಬ್ಬರು ಇದ್ದಾರೆ, ಡಾಕ್ಟರ್ ಮುರಿಗೆಪ್ಪನವರು, ಒಮ್ಮೆ ಎದ್ದು ನಿಲ್ಲಬೇಕು' ಎಂದರು. ಬಾಯಲ್ಲಿ ಹೆಸರುಬೇಳೆ ಇತ್ತು. ಅಲ್ಲ ಎಂದು ಹೇಳಲು ಮೊದಲು ನುಂಗಬೇಕಿತ್ತು. ನುಂಗಿ ಮುಗಿಸುವಷ್ಟರಲ್ಲಿ ಜನ ಚಪ್ಪಾಳೆ ತಟ್ಟಿಬಿಟ್ಟಿದ್ದರು. ಮುರಿಗೆಪ್ಪ ಎದ್ದು ನಿಂತು ಎರಡೂ ಕೈ ಜೋಡಿಸಿದ. ಆಮೇಲೆ ಎಷ್ಟೋ ಸಲ ಅವನು ಆ ಕೈಗಳನ್ನು ನೆನೆಸಿಕೊಂಡಿದ್ದಾನೆ. ತಪ್ಪೆಲ್ಲ ಬೇಳೆಯದು ಎಂದು ತನಗೆ ತಾನೇ ಹೇಳಿಕೊಂಡರೂ ಕೈ ಜೋಡಿಸಿದ್ದು ಬೇಳೆಯಲ್ಲ. ಧಾರವಾಡದಲ್ಲಿ ಇತಿಹಾಸದ ಎಂ.ಎ. ಮಾಡಿದ್ದು ನಿಜ, ಸೆಕೆಂಡ್ ಕ್ಲಾಸು. ಕುರ್ಚಿಯ ಮೇಲೆ ಕೂತೇ ಕ್ಯುರೇಟರುಗಳು ಗಣ್ಯರಿಗೆ ವಿವರಿಸುವುದನ್ನೆಲ್ಲ ಕದ್ದು ಕೇಳಿ ಕಲಿತಿದ್ದೂ ನಿಜ. ಇಷ್ಟೆಲ್ಲ ನಿಜಗಳನ್ನು ಒಟ್ಟು ಹಾಕಿದರೆ ಒಂದು ಸಣ್ಣ ಡಾಕ್ಟರೇಟಿಗೆ ಸಮ ಆಗಲಾರದೇ ಎಂದು ಟ್ಯೂಬ್ ರೈಲಿನಲ್ಲಿ ನೇತಾಡುತ್ತ ಅವನು ವಾದಿಸುತ್ತಿದ್ದ. ಎದುರು ವಾದಿಸುವವರು ಯಾರೂ ಇಲ್ಲದ್ದರಿಂದ ದಿನಾಲೂ ಗೆಲ್ಲುತ್ತಿದ್ದ.

ಹೆಂಡತಿ ಗುರುದೇವಿಯ ಎದುರು ಮಾತ್ರ ಆ ವಾದ ನಡೆಯಲಿಲ್ಲ. 'ನಾ ಪಾರ್ಕ್ ರಾಯಲ್‌ ಫ್ಯಾಕ್ಟರ್ಯಾಗ ಕೂದಲಿಗೆ ಬಲಿ ಹಾಕ್ಕೊಂಡು ನಿಂತು ಸ್ಯಾಂಡ್‌ವಿಚ್ ತುಂಬತೀನಿ. ಯಾರರ ಕೇಳಿದರ ಹಂಗ ಹೇಳತೀನಿ. ನನ್ನ ಮಾರಿ ಏನರ ಸಣ್ಣದಾಗೇತೇನು?' ಎಂದು ರೊಟ್ಟಿ ಬಡಿಯುತ್ತಲೇ ಕೇಳಿದ್ದಳು. 'ನೀವು ಕಾವಲು ಕಾಯತೀರಿ. ಅದರಾಗ ನಾಚೂದೇನೈತಿ?' 'ನಾಚಿಕಿ ಅಲ್ಲಲೇ, ಅವರ ತಿಳಕೊಂಡಾರ, ಈಗ ಬ್ಯಾರೆ ಹೇಳಿದರ ಅವರಿಗೇ ಬ್ಯಾಸರ ಆಗತೈತಿ,' ಎಂದು ಮುರಿಗೆಪ್ಪ ಪರೋಪಕಾರಿಯಾಗಿ ನುಡಿದ. ಗುರುದೇವಿ ನಕ್ಕಳು. ಜಗಳವಾಡಿದ್ದರೆ ಅವನಿಗೆ ಇಷ್ಟು ಚುಚ್ಚುತ್ತಿರಲಿಲ್ಲ. ಸಂಘದ ಮಂದಿಯನ್ನು ಕರೆದುಕೊಂಡು ಹೋಗಿ ಗಡಿಗೆ ತೋರಿಸಿ ಎಂದು ಸತ್ಯನಾರಾಯಣ ಫೋನಿನ ಮೇಲೆ ಫೋನು ಮಾಡಿ ಶನಿವಾರ ಗೊತ್ತು ಮಾಡಿದಾಗ ಅವಳು ಓವರ್‌ಟೈಮ್ ಹಾಕಿಸಿಕೊಂಡಳು. 'ನಾ ಬಂದರ ನನ್ನ ಬಾಯಿ ಸುಮ್ಮ ಇರಂಗಿಲ್ಲ, ಹುಡುಗೀನ ಕರಕೊಂಡ ಹೋಗ್ರಿ,' ಎಂದಳು.

ಉಳಿದಿದ್ದ ಕಷ್ಟ ಒಂದೇ, ಡೆಸ್ಮಂಡ್. ಮುರಿಗೆಪ್ಪ ರಜೆ ಹಾಕಿದರೆ ಆ ಕುರ್ಚಿಗೆ ಬರುವವನು ಅವನೇ. ಬಾರ್ಬಡೋಸಿನವನು, ಮನೆ ಇಲ್ಫರ್ಡಿನಲ್ಲಿ, ಮುರಿಗೆಪ್ಪನಿಗಿಂತ ಹತ್ತು ವರ್ಷ ಹಿರಿಯ. ಕೆಲಸಕ್ಕೆ ಸೇರಿದ ಮೊದಲ ವಾರ ಕಾಲು ಬಾತು ಶೂ ಬಿಚ್ಚಲಾಗದೆ ನೆಲಮಾಳಿಗೆಯಲ್ಲಿ ಕಣ್ಣೀರು ಹಾಕುತ್ತಿದ್ದ ಮುರಿಗೆಪ್ಪನ ಎದುರು ಮೊಣಕಾಲೂರಿ ಲೇಸು ಬಿಚ್ಚಿದವನು ಅವನು. ಭಾರವನ್ನು ಯಾವಾಗ ಯಾವ ಕಾಲಿನ ಮೇಲೆ ಬಿಡಬೇಕು, ಶಾಲೆಯ ಮಕ್ಕಳ ಹಿಂಡು ಬಂದಾಗ ಎಲ್ಲಿ ನಿಲ್ಲಬೇಕು, ಚಳಿಗಾಲದಲ್ಲಿ ಯಾವ ಗೋಡೆ ಬೆಚ್ಚಗಿರುತ್ತದೆ ಎಲ್ಲ ಕಲಿಸಿದವನೂ ಅವನೇ. ಮಧ್ಯಾಹ್ನ ಇಬ್ಬರೂ ಒಟ್ಟಿಗೆ ಉಣ್ಣುತ್ತಾರೆ. ಗುರುದೇವಿಯ ಶೇಂಗಾ ಹಿಂಡಿಗೆ ಡೆಸ್ಮಂಡ್ ಪ್ರಾಣ ಬಿಡುತ್ತಾನೆ. ಅವನ ಹೆಂಡತಿ ಆಸ್ಪತ್ರೆಯಲ್ಲಿದ್ದಾಗ ಗುರುದೇವಿ ಹದಿನೈದು ದಿನ ಬುತ್ತಿ ಕಟ್ಟಿದ್ದಳು. ಅಂಥವನ ಎದುರು ಗುರುವಾರ ಊಟದ ಹೊತ್ತಿನಲ್ಲಿ ಮುರಿಗೆಪ್ಪ ರೊಟ್ಟಿಯ ಚೂರನ್ನು ತಿರುಗಿಸುತ್ತ ತಿರುಗಿಸುತ್ತ ಸಂಗತಿ ಹೇಳಿದ. ಡೆಸ್ಮಂಡ್ ಹೊಟ್ಟೆ ಹಿಡಿದುಕೊಂಡು ನಕ್ಕ. 'ಹಾಗಾದರೆ ನಾನೇನು ಮಾಡಲಿ? ಸೆಲ್ಯೂಟ್ ಹೊಡೆಯಲೇ?' 'ಏನೂ ಬೇಡ. ನೀನು ನನ್ನನ್ನು ಗುರುತು ಹಿಡಿಯಬೇಡ, ಅಷ್ಟೇ.' ಡೆಸ್ಮಂಡನ ನಗು ಪೂರ್ತಿ ಆರಲಿಲ್ಲ, ಆದರೆ ಕಣ್ಣಿನಿಂದ ಇಳಿಯಿತು. 'ಅದಕ್ಕೇನು ಮೇಟ್,' ಎಂದ, 'ದಿನವಿಡೀ ಸಾವಿರ ಜನ ನನ್ನನ್ನು ನೋಡದೆ ದಾಟಿ ಹೋಗುತ್ತಾರೆ. ಹೇಗೆ ಮಾಡುತ್ತಾರೆ ಅಂತ ನನಗೂ ಗೊತ್ತು.' ಮುರಿಗೆಪ್ಪ ಥ್ಯಾಂಕ್ಯೂ ಎಂದ. ಅವತ್ತು ಡಬ್ಬಿಯಲ್ಲಿ ಉಳಿದ ಹಿಂಡಿಯನ್ನೆಲ್ಲ ಅವನ ತಟ್ಟೆಗೆ ಸುರುವಿದ. ಕೊಟ್ಟದ್ದು ಪ್ರೀತಿಗೋ ಲಂಚಕ್ಕೋ ಎಂದು ಹ್ಯಾರೋದ ಮನೆ ತಲುಪುವವರೆಗೂ ಯೋಚಿಸಿದ.

ಸಂಘದವರು ಒಟ್ಟಾಗಿ ಬಂದರು. ಮುಂದೆ ಹೊಸ ಡಿಜಿಟಲ್ ಕ್ಯಾಮೆರಾ ಕೊರಳಿಗೆ ಹಾಕಿಕೊಂಡ ಸತ್ಯನಾರಾಯಣ, ಹಿಂದೆ ಏಳೆಂಟು ಜನ, ಎಲ್ಲರಿಗಿಂತ ಹಿಂದೆ ಸ್ವೆಟರಿನ ಮೇಲೆ ಇಳಕಲ್ಲ ಸೀರೆಯ ಸೆರಗು ಹೊದ್ದ ಚಂದ್ರವ್ವ. ಆಕೆ ರುದ್ರೇಶ ಎನ್ನುವವನ ತಾಯಿ, ವಿಜಾಪುರದಿಂದ ಮಗನ ಮನೆಗೆ ಬಂದು ತಿಂಗಳಾಗಿತ್ತು. 'ಎಂತ ಡಾಕ್ಟ್ರೇ, ಮಿಂಚ್ತಾ ಇದ್ದೀರಿ!' ಎಂದು ಸತ್ಯನಾರಾಯಣ ಬೆನ್ನು ತಟ್ಟಿದರು. ಪಿನ್ನು ಚುಚ್ಚಿತು. ಬಾಗಿಲಲ್ಲಿ ಚೀಲ ತಪಾಸಣೆ ಮಾಡುವವನು ಹೊಸಬ. ಮುರಿಗೆಪ್ಪನ ಗುರುತು ಅವನಿಗಿರಲಿಲ್ಲ. ಆದರೂ ರೂಢಿಯಿಂದ ಮುರಿಗೆಪ್ಪ ಕೈ ಎತ್ತಿ 'ಆಲ್‌ರೈಟ್?' ಎಂದುಬಿಟ್ಟ. ಆ ಹೊಸಬ, ಇವನ್ಯಾವನೋ ಹುಚ್ಚ ಎಂಬಂತೆ ನೋಡಿ ಚೀಲದಲ್ಲಿ ಕೈಯಾಡಿಸಿದ. ಈಜಿಪ್ಟಿನ ಹೆಣಗಳ ಕಡೆ ಎಲ್ಲರೂ ಎಳೆದರೂ ಮುರಿಗೆಪ್ಪ ಮೇಲಂತಸ್ತಿಗೇ ನಡೆಸಿದ. ಬೇಗ ಮುಗಿದರೆ ಸಾಕಿತ್ತು. ಹಾಗೆಯೇ, ಸುಳ್ಳು ಹೇಳಬಾರದು, ಬೇಗ ಶುರುವಾಗಲಿ ಎಂಬ ಆಸೆಯೂ ಇತ್ತು. ಹನ್ನೊಂದು ವರ್ಷ ಆ ಗಡಿಗೆಗಳ ಎದುರು ಬಾಯಿ ಮುಚ್ಚಿಕೊಂಡು ಕೂತವನಿಗೆ ಒಂದು ದಿನ ಬಾಯಿ ಬಿಡುವ ಹಕ್ಕಿಲ್ಲವೇ?

ಡೆಸ್ಮಂಡ್ ಕುರ್ಚಿಯಲ್ಲಿದ್ದ. ಗುಂಪು ಒಳಗೆ ಬಂದದ್ದನ್ನು ಕಂಡು ನಿಯಮದಂತೆ ಎದ್ದು, ನಿಯಮದಂತೆ ಕೈ ಹಿಂದೆ ಕಟ್ಟಿ, ಎಲ್ಲರ ಮೇಲೂ ಒಂದೇ ಅಳತೆಯ ನೋಟ ಹಾಯಿಸಿದ. ಆ ನೋಟ ಮುರಿಗೆಪ್ಪನ ಮುಖದ ಮೇಲೂ ಬಂದು, ನಿಲ್ಲದೆ ಹಾಗೆಯೇ ಗೋಡೆಯ ಕಡೆ ಸರಿಯಿತು. ಎಷ್ಟು ಚೆನ್ನಾಗಿ ಮಾಡಿದನೆಂದರೆ ಮುರಿಗೆಪ್ಪನಿಗೆ ಒಂದು ಕ್ಷಣ ತಾನು ಅಲ್ಲಿ ಇದ್ದೇನೆಯೇ ಎಂದು ಅನುಮಾನವಾಯಿತು. ತುಟಿಯ ಅಂಚಿನಲ್ಲಾದರೂ ಒಂದು ನಗು ಇರಬಹುದೆಂದು ಹುಡುಕಿದ. ಇರಲಿಲ್ಲ. ತಾನೇ ಕೇಳಿದ್ದನ್ನು ಅವನು ಕೊಟ್ಟಾಗ ಇಷ್ಟು ಸಂಕಟವೇಕೆ ಎಂದು ಮುರಿಗೆಪ್ಪನಿಗೆ ತನ್ನ ಮೇಲೇ ಸಿಟ್ಟು ಬಂತು. ಟೈ ಸರಿಮಾಡಿಕೊಂಡು ಎತ್ತರದ ಕೊಳವೆಯಾಕಾರದ ಪಾತ್ರೆಗಳ ಎದುರು ನಿಂತ.

ಮಾತು ಹೊರಟ ಮೇಲೆ ಅವನು ಎಲ್ಲವನ್ನೂ ಮರೆತ. 'ನೋಡ್ರಿ, ಈ ಜನರಿಗೆ ಕುಂಬಾರರ ತಿಗರಿ ಗೊತ್ತಿರಲಿಲ್ಲ. ಮಣ್ಣಿನ ಬತ್ತಿ ಹೊಸೆದು, ಒಂದರ ಮೇಲೊಂದು ಸುತ್ತಿ, ಕೈಯಿಂದಲೇ ನೆಟ್ಟಗೆ ನಿಲ್ಲಿಸಿದ್ದು ಇದು. ತಿಗರಿ ಇಲ್ಲದೆ ಇಷ್ಟು ದುಂಡಗೆ ಬರಬೇಕಾದರೆ ಕಣ್ಣು ಎಂಥದ್ದಿರಬೇಕು.' ಕೆಂಪು, ಕಪ್ಪು, ಕಿತ್ತಳೆ ಬಣ್ಣದ ಮಣ್ಣುಗಳನ್ನು ನೀರಿನಲ್ಲಿ ತಿಳಿಯಾಗಿ ಕಲಸಿ ಸುಡುವ ಮೊದಲೇ ಚಿತ್ರ ಬರೆಯುತ್ತಿದ್ದರು ಎಂದ. ಸಿಂಹಾಸನದಲ್ಲಿ ಕೂತ ಅರಸ, ಎದುರಿಗೆ ನೊರೆಯೆದ್ದ ಕೋಕೋ ಪಾನದ ಪಾತ್ರೆ, ಹಿಂದೆ ಬೀಸಣಿಗೆ ಹಿಡಿದು ನಿಂತವನು. ಬೀಸಣಿಗೆಯವನ ಹೊಟ್ಟೆಯನ್ನು ಚಿತ್ರಕಾರ ಎಷ್ಟು ಅಕ್ಕರೆಯಿಂದ ಬರೆದಿದ್ದಾನೆ ಎಂದು ತೋರಿಸುವಾಗ ಅವನ ಧ್ವನಿ ಬೇರೆಯದೇ ಆಯಿತು. ಈ ಪಾತ್ರೆಗಳು ಅವನಿಗೆ ನಿಜವಾಗಿ ಇಷ್ಟ. ಜನವಿಲ್ಲದ ಜನವರಿಯ ಬೆಳಗುಗಳಲ್ಲಿ ಅವನು ಈ ಹೊಟ್ಟೆಯವನಿಗೆ ಕನ್ನಡದಲ್ಲಿ ಗುಡ್ ಮಾರ್ನಿಂಗ್ ಹೇಳಿದ್ದಿದೆ. ಸತ್ಯನಾರಾಯಣ ಮೂಗನ್ನು ಗಾಜಿಗೆ ತಾಗುವಷ್ಟು ಹತ್ತಿರ ತಂದು, 'ಓ, ಇದು ಗ್ಲೇಜ್ ಅಲ್ವಾ? ನಮ್ಮ ಉಪ್ಪಿನಕಾಯಿ ಭರಣಿಯ ಹಾಗೆ!' ಎಂದರು. ಅಲ್ಲ. ಅದು ಒಣಗಿದ ಮೇಲೆ ನುಣುಪು ಕಲ್ಲಿನಿಂದ ತಾಸುಗಟ್ಟಲೆ ಉಜ್ಜಿ ತರಿಸಿದ ಹೊಳಪು. ಪಕ್ಕದ ಕಪಾಟಿನ ಬೂದು ಬಣ್ಣದ, ಮುದುಕನ ಮುಖದ ಪಾತ್ರೆಗೂ ಗಾಜಿನ ಲೇಪವಿಲ್ಲ. ಅದರ ಹೊಳಪಿಗೆ ಮರುಳಾಗಿ ಸೀಸ ಬಳಿದಿದ್ದಾರೆಂದು ತಿಳಿದ ಹಳೆಯ ವಿದ್ವಾಂಸರು ಪ್ಲಂಬೇಟ್ ಎಂದು ಸೀಸದ ಹೆಸರಿಟ್ಟರು. ಸೀಸವೂ ಇಲ್ಲ, ಏನೂ ಇಲ್ಲ. ಅಲ್ಲಿಯ ಕಡಲಂಚಿನ ನುಣ್ಣನೆಯ ಮಣ್ಣು ಗಡಿಗೆ ಸುಡುವ ಆವಿಗೆಯ ಹೊಗೆಯಲ್ಲಿ ಬೆಂದು ತಾನೇ ಗಾಜಿನಂತೆ ಗಟ್ಟಿಯಾಗಿತ್ತು. ಇದೆಲ್ಲ ಮುರಿಗೆಪ್ಪನಿಗೆ ಬಾಯಿಪಾಠ. ಆದರೆ ಅಧ್ಯಕ್ಷರು ಖುಷಿಯಾಗಿದ್ದರು, ಭರಣಿ ಎಂದು ಎಲ್ಲರೂ ತಲೆದೂಗುತ್ತಿದ್ದರು. 'ಹೌದು ಸರ್, ಹೆಚ್ಚುಕಡಿಮೆ ಅದೇ,' ಎಂದ ಡಾಕ್ಟರ್ ಮುರಿಗೆಪ್ಪ. 'ಡ್ಯಾಡ್,' ಎಂದಳು ಅಂಕಿತಾ ಕಿವಿಯ ವೈರು ತೆಗೆದು, 'ಇಟ್ ಸೇಸ್ ನಾಟ್ ಗ್ಲೇಜ್ಡ್. ರೈಟ್ ಹಿಯರ್.' ಅವಳು ಲೇಬಲ್ಲಿನ ಮೇಲೆ ಬೆರಳಿಟ್ಟಿರಲಿಲ್ಲ, ಗಾಜಿನಿಂದ ಸರಿಯಾಗಿ ಒಂದು ಗೇಣು ದೂರ ಹಿಡಿದಿದ್ದಳು. ಹಾಗೆ ಹಿಡಿಯಲು ಅವಳಿಗೆ ಚಿಕ್ಕಂದಿನಲ್ಲಿ ಕಲಿಸಿದವನು ಡೆಸ್ಮಂಡ್.

'ಲೇಬಲ್ ಹಳೇದು,' ಎಂದ ಮುರಿಗೆಪ್ಪ. ಎಲ್ಲರೂ ನಕ್ಕರು. ನಗುವಿನ ನಡುವೆ ಸತ್ಯನಾರಾಯಣ ಕ್ಯಾಮೆರಾ ಎತ್ತಿದರು, ಫ್ಲಾಶ್ ಬೆಳಗಿತು. ಮೂಲೆಯಿಂದ ಡೆಸ್ಮಂಡ್ ಮೆತ್ತಗೆ, 'ಫ್ಲಾಶ್ ಹಾಕಬೇಡಿ ಸರ್, ದಯವಿಟ್ಟು,' ಎಂದ. ಸತ್ಯನಾರಾಯಣ ಕ್ಯಾಮೆರಾ ಇಳಿಸಿದರು, ಆದರೆ ಮುಖ ಗಂಟಿಕ್ಕಿತು. ಗದ್ದದಿಂದ ಡೆಸ್ಮಂಡನ ಕಡೆ ತೋರಿಸುತ್ತ, 'ಇವನದ್ದು ಎಂತ ಸುಖದ ಕೆಲಸ ಮಾರಾಯ್ರೇ! ಕುರ್ಚಿ ಬಿಸಿ ಮಾಡಿದ್ರೆ ಸಂಬಳ. ತಲೆಯೊಳಗೆ ಎಂತದ್ದೂ ಇರ್ಬೇಕಂತಿಲ್ಲ. ನಿಮ್ಮಂಥವರು ಓದಿ ಓದಿ ಕಣ್ಣು ಹಾಳು ಮಾಡ್ಕೊಳ್ಳುದು, ಇವರು ಕಾಲು ಚಾಚುದು,' ಎಂದರು. ಕನ್ನಡದಲ್ಲೇ ಹೇಳಿದರು. ಗದ್ದಕ್ಕೆ ಭಾಷೆ ಬೇಕಿರಲಿಲ್ಲ. ಮುರಿಗೆಪ್ಪನ ಕಾಲುಗಳು, ಬಾತ ಕಾಲುಗಳು, ಶೂವಿನೊಳಗೆ ಮಿಡುಕಿದವು. ಹೇಳಬಹುದಿತ್ತು. ಸುಖದ್ದಲ್ಲ ಸರ್, ಸಂಜೆ ಹೊತ್ತಿಗೆ ಹಿಮ್ಮಡಿ ಸುಡುತ್ತದೆ, ರಾತ್ರಿ ಬಿಸಿನೀರಿನ ಬಕೆಟ್ಟಿನಲ್ಲಿ ಕಾಲಿಟ್ಟು ಕೂರಬೇಕು ಎಂದು ಇಷ್ಟನ್ನಾದರೂ ಹೇಳಬಹುದಿತ್ತು. ಆದರೆ ಸಂಶೋಧಕನಿಗೆ ಹಿಮ್ಮಡಿಯ ಸುದ್ದಿ ಹೇಗೆ ಗೊತ್ತಾಗಬೇಕು? ಅವನು ನಕ್ಕ. ಚಪ್ಪಾಳೆಗೆ ಕೈ ಜೋಡಿಸಿದ್ದ ದಿನದಷ್ಟೇ ಸರಾಗವಾಗಿ, ಹಲ್ಲು ಕಾಣುವಂತೆ ನಕ್ಕ. ನಗುತ್ತಲೇ ಮೂಲೆಯ ಕಡೆ ನೋಡದಿರಲು ಕತ್ತನ್ನು ಬಿಗಿಹಿಡಿದ.

ಆ ಗಳಿಗೆಯನ್ನು ದಾಟಿಸಿಬಿಡಲೆಂದು ಗಟ್ಟಿಯಾಗಿ, 'ಯಾರಿಗಾದರೂ ಪ್ರಶ್ನೆ ಇದೆಯೇ?' ಎಂದ. ಚಂದ್ರವ್ವ ಮುಂದೆ ಬಂದು ಗಡಿಗೆಗಳನ್ನು ಒಂದೊಂದಾಗಿ ನೋಡಿ, 'ಚಲೋ ಅದಾವಪಾ. ಖರೆ ಇವನ್ನ ಬಡದು ನೋಡಿ ತಂದಾರೋ ಹಂಗ ತಂದಾರೋ? ನಾವು ಸಂತ್ಯಾಗ ಬಡೀದ ತರಂಗಿಲ್ಲ,' ಎಂದಳು. ಅವಳ ಮಗ ಮುಜುಗರದಿಂದ ತಾಯಿಯ ತೋಳು ಹಿಡಿದ. ಆದರೆ ಮುರಿಗೆಪ್ಪನ ಮೈ ಎಲ್ಲ ಹಗುರಾಯಿತು. ಕೊನೆಗೂ ಗಡಿಗೆಯ ಬಗ್ಗೆ ಗಡಿಗೆಯ ಮಾತು. ಚಿಕ್ಕವನಿದ್ದಾಗ ಬೆಳಗಾವಿಯ ಪೇಟೆಯಲ್ಲಿ ಅವ್ವನ ಹಿಂದೆ ನಿಂತು ನೋಡುತ್ತಿದ್ದ. ಅವ್ವ ಎಡಗೈಯಲ್ಲಿ ಗಡಿಗೆಯನ್ನು ಮಗುವಿನಂತೆ ಎತ್ತಿ, ಕಿವಿಯ ಹತ್ತಿರ ತಂದು, ಬೆರಳು ಮಡಚಿ ಗೆಣ್ಣಿನಿಂದ ಎರಡು ಸಲ ಬಡಿಯುತ್ತಿದ್ದಳು, ಖಣ್ ಎಂದರೆ ಸೆರಗಿನ ಗಂಟು ಬಿಚ್ಚುತ್ತಿದ್ದಳು, ಬದ್ ಎಂದರೆ ಮಾತಿಲ್ಲದೆ ಕೆಳಗಿಡುತ್ತಿದ್ದಳು. 'ಹಂಗಲ್ಲ ಯವ್ವಾ, ಬಡದಽ ನೋಡಬೇಕು,' ಎಂದು ಡಾಕ್ಟರು ಪೂರ್ತಿ ಬೆಳಗಾವಿಗೆ ಇಳಿದರು. 'ಬದ್ ಅಂದರ ಸೀಳು ಬಿಟ್ಟೈತಿ ಅಂತ ಲೆಕ್ಕ. ಇಲ್ಲಿ ಈಗ ಇದನ್ನ ತಗೋರಿ, ಹಿಂಗ ಬೆರಳು ಮಡಚಿ,' ಎನ್ನುತ್ತ, ಮುಟ್ಟಬೇಡಿ ಎಂದು ದಿನಕ್ಕೆ ಇನ್ನೂರು ಸಲ ಹೇಳುವ ಮನುಷ್ಯ, ಗೆಣ್ಣನ್ನು ಎತ್ತಿ ಕಪಾಟಿನ ಗಾಜಿನ ಮೇಲೆ ಎರಡು ಸಲ ಜೋರಾಗಿ ಬಡಿದ.

ಅಲಾರಾಂ ಕೂಗಿತು. ಪಕ್ಕದ ಕೋಣೆಗಳಿಂದ ಜನ ಇಣುಕಿದರು, ಯಾವುದೋ ಮಗು ಕಿವಿ ಮುಚ್ಚಿಕೊಂಡಿತು. ಡೆಸ್ಮಂಡ್ ಬಂದ. ಓಡಲಿಲ್ಲ. ಓಡಿದರೆ ಜನ ಗಾಬರಿಯಾಗುತ್ತಾರೆಂದು ಮುರಿಗೆಪ್ಪನಿಗೆ ಕಲಿಸಿದವನೂ ಅವನೇ. ಕೀಲಿ ತಿರುಗಿಸಿ ಸದ್ದು ನಿಲ್ಲಿಸಿ, ರೇಡಿಯೋದಲ್ಲಿ ಎರಡು ಮಾತಾಡಿ, ಮುರಿಗೆಪ್ಪನ ಎದುರು ನಿಂತು, 'ಸರ್, ಗಾಜನ್ನು ಮುಟ್ಟಬಾರದು. ದಯವಿಟ್ಟು ಸ್ವಲ್ಪ ಹಿಂದೆ ನಿಲ್ಲಿ,' ಎಂದ. ಇದನ್ನು ಯಾರಿಗೆ ಹೇಳಿದರೂ ಹೀಗೆಯೇ ಹೇಳುತ್ತಾನೆ. ಮುರಿಗೆಪ್ಪ ಹಿಂದೆ ನಿಂತ. ಅಷ್ಟಕ್ಕೇ ಮುಗಿಯುತ್ತಿತ್ತು. ಆದರೆ ಫ್ಲಾಶಿನ ಅವಮಾನ ಇನ್ನೂ ಆರದ ಸತ್ಯನಾರಾಯಣ ನಡುವೆ ನುಗ್ಗಿ ಇಂಗ್ಲಿಷಿನಲ್ಲಿ ಏರುದನಿ ತೆಗೆದರು. 'ನೀನು ಯಾರ ಹತ್ತಿರ ಮಾತಾಡ್ತಿದ್ದೀ ಗೊತ್ತಾ? ಇವರು ಡಾಕ್ಟರ್ ಮುರಿಗೆಪ್ಪ. ಈ ಇಡೀ ಕೋಣೆಗೆ ಇವರೇ ಮುಖ್ಯಸ್ಥರು. ನಿನ್ನ ಮೇಲಿನವರ ಮೇಲಿನವರು. ಮೊದಲು ಅವರಿಗೆ ಸಾರಿ ಹೇಳು.'

ಡೆಸ್ಮಂಡ್ ಆಗ ಮೊದಲ ಸಲ ಮುರಿಗೆಪ್ಪನ ಮುಖವನ್ನು ನೇರವಾಗಿ ನೋಡಿದ. ಸರಿದು ಹೋಗಲಿಲ್ಲ ಆ ನೋಟ, ನಿಂತಿತು. ಹನ್ನೊಂದು ವರ್ಷದ ಗೆಳೆಯನ ನೋಟ, ಈಗ ನೀನೇ ಹೇಳು, ನೀನು ಹೇಳಿದರೆ ಮುಗಿಯಿತು, ಒಟ್ಟಿಗೆ ನಕ್ಕುಬಿಡೋಣ ಎಂದು ಕಾಯುವ ನೋಟ. ಮುರಿಗೆಪ್ಪನಿಗೆ ಅದು ಪೂರ್ತಿ ಅರ್ಥವಾಯಿತು. ಅರ್ಥವಾಗಲಿಲ್ಲ ಎಂದು ಮುಂದೆ ಯಾವತ್ತೂ ಹೇಳಿಕೊಳ್ಳುವಂತಿರಲಿಲ್ಲ. ಬಾಯಿ ತೆರೆದ. ಈ ಸಲ ಬಾಯಲ್ಲಿ ಬೇಳೆಯೂ ಇರಲಿಲ್ಲ, ಏನೂ ಇರಲಿಲ್ಲ. ಇವ ನನ್ನ ದೋಸ್ತ, ನಾವಿಬ್ಬರೂ ಇದೇ ಕುರ್ಚಿಯವರು ಎಂಬ ಮಾತು ನಾಲಿಗೆಯವರೆಗೆ ಬಂದಿತ್ತು. ಅಷ್ಟರಲ್ಲಿ ಸತ್ಯನಾರಾಯಣರ ಮುಖ, ಅವರ ಹಿಂದಿನ ಏಳೆಂಟು ಮುಖ, ಅದರ ಹಿಂದೆ ಹ್ಯಾರೋದ ಹಾಲು, ಬರುವ ವರ್ಷದ ಜಯಂತಿ, ಅದರ ಮರುವರ್ಷದ ಜಯಂತಿ ಎಲ್ಲ ಸಾಲಾಗಿ ನಿಂತವು. ಮುರಿಗೆಪ್ಪ ಸುಮ್ಮನೆ ಟೈ ಮುಟ್ಟಿಕೊಂಡ.

'ಸಾರಿ, ಡಾಕ್ಟರ್,' ಎಂದ ಡೆಸ್ಮಂಡ್. 'ನಿಮ್ಮ ಗುರುತು ಸಿಗಲಿಲ್ಲ.'

'ಪರವಾಗಿಲ್ಲ,' ಎಂದು ತನ್ನ ದನಿ ಹೇಳಿದ್ದು ಮುರಿಗೆಪ್ಪನಿಗೆ ಕೇಳಿಸಿತು. ಅಲ್ಲಿಗೂ ನಿಲ್ಲಲಿಲ್ಲ ಆ ದನಿ. ಕ್ಯುರೇಟರುಗಳು ತನಗೆ ಹೇಳುತ್ತಿದ್ದ ಧಾಟಿಯಲ್ಲೇ, 'ಇನ್ನು ಮುಂದೆ ಗಮನವಿರಲಿ,' ಎಂದೂ ಸೇರಿಸಿತು.

'ಹಾಗೆ ಬುದ್ಧಿ ಹೇಳ್ಬೇಕು ಇವರಿಗೆ,' ಎಂದು ಸತ್ಯನಾರಾಯಣ ತೃಪ್ತರಾದರು. ಆಮೇಲೆ ಮುರಿಗೆಪ್ಪ ಇನ್ನೂ ಅರ್ಧ ತಾಸು ಮಾತಾಡಿದ. ನಾಚಿಕೆಯಾಗಬೇಕು, ಆದರೆ ಅವನ ಜೀವನದಲ್ಲೇ ಅಷ್ಟು ಚೆನ್ನಾಗಿ ಅವನು ಯಾವತ್ತೂ ಮಾತಾಡಿರಲಿಲ್ಲ. ಮಣ್ಣು, ಹೊಗೆ, ಕಲ್ಲಿನ ಉಜ್ಜು, ಮುದುಕನ ಮುಖದ ಸುಕ್ಕು, ಒಂದೂ ತಡವರಿಸಲಿಲ್ಲ. ಕೊನೆಯಲ್ಲಿ ಎಲ್ಲರೂ ಚಪ್ಪಾಳೆ ತಟ್ಟಿದರು. ಅಂಕಿತಾ ಎಲ್ಲಿ ಎಂದು ನೋಡಿದ. ಅವಳು ಬಾಗಿಲ ಹತ್ತಿರ ನಿಂತಿದ್ದಳು, ಕಿವಿಯಲ್ಲಿ ವೈರಿರಲಿಲ್ಲ, ಎಲ್ಲವನ್ನೂ ಕೇಳಿದ್ದಳು. 'ಅಂಕಿ,' ಎಂದ. ಅವಳು ಕನ್ನಡದಲ್ಲಿ ಉತ್ತರಿಸಿದಳು. ಅವಳು ಕನ್ನಡದಲ್ಲಿ ಮಾತಾಡುವುದು ಅಪರೂಪ. 'ನಾ ಮನೀಗೆ ಹೋಗ್ತೀನಪ್ಪಾ,' ಎಂದಳು, ತಾಯಿಯ ದನಿಯಲ್ಲೇ, ಮತ್ತು ಹೋದಳು.

ಮಂದಿಯನ್ನೆಲ್ಲ ಕೆಳಗೆ ಕೆಫೆಯಲ್ಲಿ ಕೂರಿಸಿ, ಕನ್ನಡಕ ಮರೆತು ಬಂದೆ ಎಂದು ಮೂಗಿನ ಮೇಲಿದ್ದ ಕನ್ನಡಕವನ್ನು ಜೇಬಿಗಿಳಿಸಿ, ಮುರಿಗೆಪ್ಪ ಮೇಲಕ್ಕೆ ಓಡಿದ. ಎರಡೆರಡು ಮೆಟ್ಟಿಲು ಹತ್ತಿ ಓಡಿದ. ಪಿನ್ನು ಎಲ್ಲೋ ಬಿಚ್ಚಿಕೊಂಡು ಬಿತ್ತು, ಪ್ಯಾಂಟನ್ನು ಒಂದು ಕೈಯಲ್ಲಿ ಹಿಡಿದುಕೊಂಡ. ಏನು ಹೇಳಬೇಕೆಂದು ಕೂಡಿಸಿಕೊಂಡಿರಲಿಲ್ಲ. ಕಾಲಿಗೆ ಬೀಳುತ್ತೇನೆ ಎಂದುಕೊಂಡ, ಬಿದ್ದರೆ ಡೆಸ್ಮಂಡ್ ನಗುತ್ತಾನೆ, ನಕ್ಕರೆ ಎಲ್ಲ ಸರಿಹೋಗುತ್ತದೆ ಎಂದುಕೊಂಡ. ಕೋಣೆಯಲ್ಲಿ ಹೆಚ್ಚು ಜನವಿರಲಿಲ್ಲ. ಡೆಸ್ಮಂಡ್ ಕುರ್ಚಿಯಲ್ಲಿ ಕೂತಿದ್ದ. ಮುರಿಗೆಪ್ಪ ಬಂದದ್ದನ್ನು ಕಂಡು ಎದ್ದು ನಿಂತ. ಹನ್ನೊಂದು ವರ್ಷದಲ್ಲಿ ಅವನು ಮುರಿಗೆಪ್ಪನನ್ನು ಕಂಡು ಎದ್ದು ನಿಂತಿರಲಿಲ್ಲ.

'ಡೆಸ್ಮಂಡ್,' ಎಂದ ಮುರಿಗೆಪ್ಪ ಏದುಸಿರು ಬಿಡುತ್ತ, 'ಅವರೆಲ್ಲ ಕೆಳಗೆ ಹೋದರು. ಯಾರೂ ಇಲ್ಲ.'

'ಹೇಳಿ ಸರ್,' ಎಂದ ಡೆಸ್ಮಂಡ್.

'ನಾನೇ ಮಾರಾಯಾ. ಆ ಮನುಷ್ಯ ಹಾಗೆ ಮಾತಾಡುತ್ತಾನೆ ಅಂತ ನನಗೆ...'

'ಏನಾದರೂ ಬೇಕಿತ್ತೇ ಸರ್?'

ದನಿಯಲ್ಲಿ ಸಿಟ್ಟಿರಲಿಲ್ಲ. ಸಿಟ್ಟನ್ನು ಮುರಿಗೆಪ್ಪ ಹುಡುಕಿದ, ಸಿಕ್ಕಿದ್ದರೆ ಹಿಡಿದುಕೊಂಡು ಅಳುತ್ತಿದ್ದ. ದಿನವಿಡೀ ಅವರಿಬ್ಬರೂ ಬಂದವರಿಗೆಲ್ಲ ಕೊಡುತ್ತಿದ್ದ ಅದೇ ಸೌಜನ್ಯ, ಅಷ್ಟೇ ಅಳತೆ, ಒಂದು ಕೂದಲೂ ಹೆಚ್ಚಿಲ್ಲ ಕಡಿಮೆಯಿಲ್ಲ. ಹಿಂದೆ ನಕಾಶೆ ಹಿಡಿದ ಮುದುಕ ದಂಪತಿ ಮಾತು ಮುಗಿಯಲಿ ಎಂದು ಕಾಯುತ್ತಿದ್ದರು. ಡೆಸ್ಮಂಡ್ ಅವರ ಕಡೆ ನೋಡಿ ಮುಗುಳ್ನಕ್ಕ, ನಂತರ ಮತ್ತೆ ಇವನ ಕಡೆ ತಿರುಗಿ ಉತ್ತರಕ್ಕಾಗಿ ಕಾದ. ಆ ಮುಗುಳ್ನಗೆಯನ್ನು ನೋಡಿ ಮುರಿಗೆಪ್ಪನಿಗೆ ಹೊಟ್ಟೆಕಿಚ್ಚಾಯಿತು.

'ಇಲ್ಲ, ಥ್ಯಾಂಕ್ಯೂ,' ಎಂದು, ನೋಡಲು ಬಂದವರು ಹೇಳುವ ಹಾಗೆಯೇ ಹೇಳಿ, ಮುರಿಗೆಪ್ಪ ಪ್ಯಾಂಟು ಹಿಡಿದುಕೊಂಡು ಮುದುಕ ದಂಪತಿಗೆ ದಾರಿ ಬಿಟ್ಟ.